ತಾನಾಗಿ ಇಳಿಯುವ ಜಾಕು

ಟಕ್ — ಅಷ್ಟು ಗಟ್ಟಿಯೂ ಅಲ್ಲ, ಯಾರೋ ಬಾಯಿ ಮುಚ್ಚಿಕೊಂಡೇ ಹಲ್ಲು ಕಚ್ಚಿದ ಹಾಗೆ ಒಂದು ಮಂದ ಸದ್ದು, ಎಡಗಡೆ ಮುಂಚಕ್ರದ ಹಿಂದಿನ ಕತ್ತಲೆಯಿಂದ, ಇವನು ಇನ್ನೊಮ್ಮೆ ಅಲ್ಲಾಡಿಸಿದ, ಒಂದು ಕೈ ಚಕ್ರದ ನೆತ್ತಿಗೆ, ಒಂದು ಕೈ ಬುಡಕ್ಕೆ, ಎಳೆ, ತಳ್ಳು, ಟಕ್, ಸರಿ, ಬಾಲ್ ಜಾಯಿಂಟು, ಮೇಲೆ ಕೆಳಗೆ ಹಿಡಿದಾಗ ಆಡಿದರೆ ಬಾಲ್ ಜಾಯಿಂಟು, ಅಕ್ಕಪಕ್ಕ ಹಿಡಿದಾಗ ಆಡಿದರೆ ಟೈ ರಾಡು, ಎರಡೂ ಕಡೆ ಒಂದೇ ಸಮ ಆಡಿದರೆ ಬೇರಿಂಗು, ಹೀಗೆ ಹೇಳಿಕೊಟ್ಟ ಮೇಸ್ತ್ರಿ ಬಿಡಿಭಾಗ ತರಲು ಹೋಗಿದ್ದಾರೆ, ಊಟ ಮುಗಿಸಿ ಒಂದು ನಿದ್ದೆ ತೆಗೆದೇ ಬರುವವರು, ಗ್ಯಾರೇಜಿನ ಶಟರು ಅರ್ಧ ಇಳಿದಿದೆ, ಅದರ ಕೆಳಗೆ ರಸ್ತೆಯ ಬಿಸಿಲು ಮಾತ್ರ ಒಳಗೆ ಚಾಚಿಕೊಂಡಿದೆ, ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತ ಭಾವ ಮಾತಾಡುತ್ತಲೇ ಇದ್ದಾನೆ, ಅಕ್ಕನ ಗಂಡ, ಈ ಗಾಡಿಯ ಒಡೆಯ, ಸ್ಟೇರಿಂಗು ನೇರ ಹಿಡಿದ್ರೆ ಗಾಡಿ ಎಡಕ್ಕೆ ಎಳೆಯುತ್ತೆ ಕಣಯ್ಯಾ, ಗಾಡಿ ನೇರ ಹೋಗ್ಬೇಕಾದ್ರೆ ಸ್ಟೇರಿಂಗು ಸೊಟ್ಟ ಹಿಡೀಬೇಕು, ಥೇಟ್ ನಿಮ್ಮಕ್ಕನೇ, ಹೇಳೋದೊಂದು ಮಾಡೋದೊಂದು, ಎಂದು ತಾನೇ ನಗುತ್ತಾನೆ, ನಗಲಿ, ಈ ಗಾಡಿಯ ಸ್ಪ್ರಿಂಗು ಕೂತಿರುವುದು ಚಕ್ರವನ್ನು ಹಿಡಿದ ಕೆಳಗಿನ ತೋಳಿನ ಮೇಲೆ, ಜಾಕನ್ನು ಚಾಸಿಗೆ, ಗಾಡಿಯ ಚೌಕಟ್ಟಿಗೆ, ಕೊಟ್ಟು ಎತ್ತಿದರೆ ಸ್ಪ್ರಿಂಗು ಆ ತೋಳನ್ನು ಒತ್ತಿಕೊಂಡೇ ಇರುತ್ತದೆ, ಸವೆದ ಗುಂಡು ತನ್ನ ಬಟ್ಟಲಲ್ಲಿ ಬಿಗಿಯಾಗಿ ಕೂತು ನನಗೇನಾಗಿದೆ, ಚೆನ್ನಾಗೇ ಇದ್ದೇನಲ್ಲ ಎನ್ನುತ್ತದೆ, ಜಾಕನ್ನು ತೋಳಿಗೇ ಕೊಟ್ಟು ಗುಂಡಿನ ಮೇಲಿನ ಭಾರ ತೆಗೆದರೆ ಮಾತ್ರ ಸಡಿಲ ಹೊರಬೀಳುತ್ತದೆ, ಹಾಗಾಗಿಯೇ ಚಾಸಿಗೆ ಆಸರೆ ಕೊಡುವ ಸ್ಟ್ಯಾಂಡು ತೆಗೆದು ಗೋಡೆಯ ಪಕ್ಕಕ್ಕೆ ಇಟ್ಟದ್ದು, ಈಗ ಈ ಮುಂಭಾಗದ ಭಾರವೆಲ್ಲ ಒಂದು ಹಳೇ ಜಾಕಿನ ಮೇಲೆ, ಅದರ ಒಳಗಿನ ವಾಷರು ಸವೆದಿದೆ, ಎತ್ತಿದ್ದನ್ನು ಎತ್ತಿದ ಹಾಗೆ ಇಟ್ಟುಕೊಳ್ಳುವುದಿಲ್ಲ, ಮೈಮರೆತರೆ ಒಂದು ಬೆರಳು ಇಳಿದಿರುತ್ತದೆ, ಮೇಸ್ತ್ರಿ ಅದಕ್ಕೆ ಸೋಮಾರಿ ಎಂದು ಹೆಸರಿಟ್ಟಿದ್ದಾರೆ, ಸೋಮಾರೀನ ನಂಬಿ ಗಾಡಿ ಕೆಳಗೆ ಮಲಗ್ಬೇಡ, ಅದು ಬಂದು ನಿನ್ನ ಮೇಲೇ ಮಲಗುತ್ತೆ ಎನ್ನುತ್ತಾರೆ, ಇವನು ಹಿಡಿಯನ್ನು ಅರ್ಧ ಒತ್ತಿದ, ಗಾಡಿ ಮೇಲಕ್ಕೆ ಉಸಿರೆಳೆದುಕೊಂಡಿತು.

ಈಗ ಅಕ್ಕಪಕ್ಕ, ಎಡಗೈ ಇಲ್ಲಿ, ಬಲಗೈ ಅಲ್ಲಿ, ಆಡುತ್ತದೆ, ಇದೂ ಆಡುತ್ತದೆ, ಬಗ್ಗಿ ದೀಪ ಹಿಡಿದ, ಚಕ್ರದ ಹಿಂದೆ, ಸ್ಟೇರಿಂಗಿನ ಮಾತನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡು ಬಿಲ್ಲಿನ ಹಾಗೆ ಬಾಗಿದೆ, ಬೆರಳು ದಪ್ಪದ ಉಕ್ಕು, ಎರಡೂ ತುದಿ ಹಿಡಿದು ಅದುಮಿದಂತೆ ನಡುವಿನಲ್ಲಿ ಉಬ್ಬಿಕೊಂಡಿದೆ, ಬಾಗಿದ್ದರಿಂದ ಗಿಡ್ಡವಾಗಿದೆ, ಗಿಡ್ಡವಾದದ್ದು ಚಕ್ರದ ಹಿಂಬದಿಯನ್ನು ಒಳಕ್ಕೆ ಎಳೆದಿದೆ, ಅದಕ್ಕೇ ಚಕ್ರದ ಮೂತಿ ಹೊರಕ್ಕೆ, ಎದುರು ನಿಂತು ನೋಡಿದರೆ ಬಲಚಕ್ರ ನೇರ ನಿಂತಿದೆ, ಎಡಚಕ್ರ ಗೋಡೆ ನೋಡುತ್ತಿದೆ — ಅಕ್ಕನ ಪಾದ, ಬೆಳಿಗ್ಗೆ ಮಂಚದ ಮೇಲೆ, ಹೊದಿಕೆಯ ತುದಿಯಿಂದ ಹೊರಗೆ, ಒಂದು ಪಾದ ಸೂರಿಗೆ, ಪ್ಲಾಸ್ಟರು ಹಾಕಿದ ಇನ್ನೊಂದು ಗೋಡೆಗೆ, ಹೇಗಾಯ್ತಕ್ಕಾ, ಮೆಟ್ಟಿಲಿಂದ ಬಿದ್ದೆ ಪುಟ್ಟ, ನೋಡ್ಕೊಂಡು ಇಳೀಬಾರದಿತ್ತಾ, ನೋಡ್ಕೊಂಡೇ ಇಳಿದೆ, ಎಂದು ಗೋಡೆಯ ಕಡೆಗೇ ಮುಖ ಮಾಡಿದ್ದಳು, ಬಾಗಿಲಲ್ಲಿ ಭಾವ ಹಲ್ಲುಜ್ಜುತ್ತ ನಿಂತಿದ್ದ, ಬುರುಗು ತುಂಬಿದ ಬಾಯಲ್ಲೇ ಹೇಳಿದ್ದ, ಗಾಡಿ ಒಂದ್ಸಲ ನೋಡ್ಬಿಡಯ್ಯಾ, ಹಳ್ಳಕ್ಕೆ ಬಿತ್ತು, ಈಗಲೂ ಅದನ್ನೇ ಹೇಳುತ್ತಿದ್ದಾನೆ, ಹಳ್ಳ ಅಂದ್ರೆ ಹಳ್ಳ, ಮೊಣಕಾಲುದ್ದ, ರಸ್ತೆ ಮಾಡಿದವನನ್ನ ಅದರಲ್ಲೇ ಹೂತು ಡಾಂಬರು ಹಾಕ್ಬೇಕು, ಹೂಂ ಭಾವ ಎಂದ ಇವನು, ಆದರೆ ಹಳ್ಳ ಕೆಳಗಿನಿಂದ ಹೊಡೆಯುತ್ತದೆ, ಹಳ್ಳದ ಅಂಚು ಚಕ್ರದ ಪೂರ್ತಿ ಅಗಲಕ್ಕೆ ಬೀಳುತ್ತದೆ, ರಿಮ್ಮಿನ ತುಟಿ ಚಪ್ಪಟೆಯಾಗುತ್ತದೆ, ಟೈರಿನ ಒಳಗಿನ ಕೆನ್ನೆಯೂ ಊದುತ್ತದೆ, ಇಲ್ಲಿ ತುಟಿ ದುಂಡಗಿದೆ, ಒಳಗಿನ ಕೆನ್ನೆ ನುಣುಪಾಗಿದೆ, ಚಕ್ರದ ಹೊರ ಅರ್ಧಕ್ಕೆ ಮಾತ್ರ, ಮುಂದಿನಿಂದ, ಗಟ್ಟಿಯಾದದ್ದೊಂದು ಬಡಿದರೆ ಆಗ ಚಕ್ರ ಹೊರಕ್ಕೆ ತಿರುಚಿಕೊಳ್ಳುತ್ತದೆ, ಆಗ ರಾಡು ಹೀಗೆ ಅದುಮಿಕೊಂಡು ಬಾಗುತ್ತದೆ, ಒಂದು ಕಂಬ, ಒಂದು ಕಲ್ಲು, ಒಂದು — ಹಳ್ಳವಲ್ಲ, ಹಳ್ಳವಂತೂ ಅಲ್ಲ, ಲೋಹಕ್ಕೆ ಭಾವನ ಭಯವಿಲ್ಲ, ಕೇಳಿದರೆ ನಡೆದದ್ದನ್ನು ಹೇಳುತ್ತದೆ.

ನಟ್ಟುಗಳನ್ನು ಬಿಚ್ಚಿದ, ಚಕ್ರ ಕೈಗೆ ಬಂತು, ಬಿಚ್ಚಿದ ಚಕ್ರವನ್ನು ಗಾಡಿಯ ಕೆಳಗೇ ಮಲಗಿಸಬೇಕು, ಜಾಕು ಜಾರಿದರೂ ಚಕ್ರದ ಮೇಲೆ ನಿಲ್ಲಲಿ ಎಂದು, ಅದು ಈ ಕಸುಬಿನ ಮೊದಲ ಪಾಠ, ಆದರೆ ಇವನು ಅದನ್ನು ಉರುಳಿಸಿಕೊಂಡು ಶಟರಿನ ಕೆಳಗಿನ ಬಿಸಿಲಿಗೆ ತಂದ, ಹೊರಗಿನ ಕೆನ್ನೆಯನ್ನು ತಿರುಗಿಸಿ ನೋಡಿದ, ಕಪ್ಪು ರಬ್ಬರು ಕಿತ್ತುಹೋದ ಕಡೆ ಹಳದಿ, ಉಗುರಿನಿಂದ ಕೆರೆದ, ಬಣ್ಣ, ಸುಣ್ಣವಲ್ಲ, ಮಣ್ಣಲ್ಲ, ಗಟ್ಟಿ ಹಳದಿ ಬಣ್ಣ, ಇದೇ ನೆಲದ ಮೇಲೆ ಗಾಡಿ ನಿಲ್ಲಿಸಲು ಎಳೆದ ಗೆರೆಗಳ ಹಳದಿ, ಗೆರೆ ಎಳೆದು ಉಳಿದ ಡಬ್ಬಿಯನ್ನು ತಾನೇ ಅಕ್ಕನ ಮನೆಗೆ ಒಯ್ದಿದ್ದ, ಮುಂಬಾಗಿಲ ಮೆಟ್ಟಿಲ ಅಂಚು ಕಾಣಲ್ಲ ಪುಟ್ಟ, ಮಗು ಎಡವುತ್ತೆ, ಏನಾದ್ರೂ ಬಳಿದುಕೊಡೋ ಎಂದಿದ್ದಳು, ಅಂಚಿಗೆ ಎರಡು ಕೈ ಬಳಿದಿದ್ದ, ಒಣಗುವವರೆಗೆ ಯಾರೂ ತುಳಿಯಬಾರದೆಂದು ಅಕ್ಕ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡೇ ನಿಂತಿದ್ದಳು, ಅಂಗಳದ ಕೊನೆಯಲ್ಲಿ ಗಾಡಿ ನಿಲ್ಲುವ ಜಾಗ, ಅಲ್ಲಿಂದ ಮೆಟ್ಟಿಲಿಗೆ ನೆಟ್ಟಗೆ ಇಳಿಜಾರು, ಸಂಜೆ ಕೆಲಸ ಮುಗಿಸಿ ಅಕ್ಕ ಕೂರುವುದು ಆ ಮೆಟ್ಟಿಲ ಮೇಲೇ, ಕಾಲು ಚಾಚಿಕೊಂಡು, ಮೆಟ್ಟಿಲಿಂದ ಬಿದ್ದೆ, ಇಲ್ಲ, ಮೆಟ್ಟಿಲ ಮೇಲೆ ಕೂತಿದ್ದಳು, ಗಾಡಿ ಬಂತು, ಒಂದು ಕಾಲು ಎಳೆದುಕೊಂಡಳು, ಇನ್ನೊಂದು ಉಳಿಯಿತು — ಬಿಸಿಲು ಕಣ್ಣಿಗೆ ಚುಚ್ಚುತ್ತಿದೆ, ಕೈಯಲ್ಲಿ ವ್ಹೀಲ್ ಸ್ಪ್ಯಾನರು, ಮೊಣಕೈ ಉದ್ದ, ಇದನ್ನು ಬೀಸಿದರೆ ಮೊದಲು ಕಿವಿಯ ಮೇಲಿನ ಮೂಳೆ, ಮೊಟ್ಟೆಯ ಚಿಪ್ಪಿಗಿಂತ ಸ್ವಲ್ಪ ಗಟ್ಟಿ, ಆಮೇಲೆ ದವಡೆ, ಆ ಬುರುಗಿನ ಬಾಯಿ, ಹಲ್ಲುಗಳು ಒಂದೊಂದಾಗಿ ಎಣ್ಣೆಯ ತಟ್ಟೆಗೆ, ಬೇರಿಂಗಿನ ಗುಂಡುಗಳಂತೆ, ಅಕ್ಕನ ಹೆಗಲ ಮೂಳೆ ಮುರಿದಾಗ ಬಚ್ಚಲಲ್ಲಿ ಜಾರಿದ್ದಳು, ಕಿವಿ ಕೇಳಿಸದೇ ಹೋದಾಗ ಬೀರುವಿನ ಬಾಗಿಲು ಬಡಿದಿತ್ತು, ತುಟಿ ಹೊಲಿಸಿಕೊಂಡಾಗ ಮಗು ಆಟದಲ್ಲಿ ತಲೆ ಹಾಯಿಸಿತ್ತು, ಆ ಮನೆಯ ಒಂದೊಂದು ಸಾಮಾನೂ ಅವಳ ಮೇಲೆ ಹಗೆ ಸಾಧಿಸಿದೆ, ಒಬ್ಬನನ್ನು ಬಿಟ್ಟು, ಊರಿಗೆಲ್ಲ ಬೇಕಾದ ಮನುಷ್ಯನಂತೆ ಅವನು, ಹೆಣ ಹೊರಲು ಮೊದಲ ಹೆಗಲು, ಇವನೂ ಒಳ್ಳೆಯ ತಮ್ಮನಂತೆ ಬಾಯಿಗೆ ಬೀಗ ಹಾಕಿಕೊಂಡು ಬಚ್ಚಲಿನ ಪಾಚಿ ಉಜ್ಜಿಕೊಟ್ಟ, ಬೀರುವಿನ ಕೀಲಿಗೆ ಎಣ್ಣೆ ಬಿಟ್ಟ, ಮೆಟ್ಟಿಲಿಗೆ ಬಣ್ಣ ಬಳಿದ.

ಏನಯ್ಯಾ ಚಕ್ರ ಹಿಡ್ಕೊಂಡು ಧ್ಯಾನ ಮಾಡ್ತಿದ್ಯಾ, ಎಂದ ಭಾವ ಸ್ಟೂಲಿನಿಂದ ಎದ್ದ, ಏನಾಗಿದೆ ಅಂತ ಬೊಗಳು, ಟೈ ರಾಡು ಬಾಗಿದೆ ಭಾವ ಎನ್ನುವ ದನಿ ಯಾರದ್ದೋ ಅನ್ನುವಷ್ಟು ತಣ್ಣಗಿದೆ, ಬಾಗೋಕೆ ಅದೇನು ನಿಮ್ಮ ಮೇಸ್ತ್ರಿ ಸೊಂಟವಾ, ಎಲ್ಲಿ ತೋರಿಸು, ಕಣ್ಣಾರೆ ನೋಡದೆ ನಾನು ನಮ್ಮಪ್ಪ ಸತ್ತದ್ದನ್ನೂ ನಂಬಿದವನಲ್ಲ, ಎಂದು ಅಂಗಿಯ ತೋಳು ಮಡಚಿ, ಬೇಡ ಎನ್ನುವುದರೊಳಗೆ ಗೋಣಿಯ ಮೇಲೆ ಅಂಗಾತ ಬಿದ್ದು, ಹಿಮ್ಮಡಿಯಲ್ಲಿ ನೆಲ ಒದ್ದುಕೊಂಡು ಒಳಗೆ ಜಾರಿದ, ಬೇಡ ಎಂದು ಇವನು ಅಂದನೇ, ಬಾಯಿ ತೆರೆದಿತ್ತು, ಸದ್ದು ಬಂತೋ ಇಲ್ಲವೋ, ಸ್ಟ್ಯಾಂಡು ಗೋಡೆಯ ಪಕ್ಕದಲ್ಲಿದೆ, ಚಕ್ರ ಬಿಸಿಲಿನಲ್ಲಿದೆ, ಗಾಡಿಯ ಮುಂಭಾಗ ಸೋಮಾರಿಯ ಮೇಲಿದೆ, ಸೋಮಾರಿಯ ಹಿಡಿ ಇಲ್ಲಿ, ಮೊಣಕಾಲ ಹತ್ತಿರ, ಭಾವನ ಎದೆಯ ಮೇಲೆ ಗೇಣು ದೂರದಲ್ಲಿ ಎಂಜಿನ್ನು ಹೊತ್ತ ಅಡ್ಡ ತೊಲೆ, ಹೊರಗೆ ಉಳಿದದ್ದು ಸೊಂಟದಿಂದ ಕೆಳಗೆ, ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟು, ಹೊಳೆಯುವ ಬೂಟು, ಒಂದು ಪಾದ ಸೂರಿಗೆ, ಒಂದು ಗೋಡೆಗೆ, ಅಂಗಾತ ಮಲಗಿದ ಮನುಷ್ಯನ ಪಾದ ಹಾಗೇ ಬೀಳುತ್ತದೆ, ಅದರಲ್ಲಿ ಅರ್ಥವೇನಿಲ್ಲ, ಆದರೂ ಅದನ್ನು ನೋಡಿದ ಕೈ ಹಿಡಿಯ ಬುಡದ ವಾಲ್ವಿಗೆ ಹೋಯಿತು, ಕೂದಲೆಳೆಯಷ್ಟು ತಿರುಗಿಸಿತು, ಜಾಕಿನ ಒಳಗೆ ಎಣ್ಣೆ ಹಾವಿನ ಹಾಗೆ ಬುಸ್ಸೆಂದಿತು, ಮುಚ್ಚಿತು, ಗೇಣು ಎನ್ನುವುದು ಈಗ ಬೆರಳುಗಳ ಲೆಕ್ಕ.

ಏಯ್ ಏಯ್, ಇಳೀತಿದೆ ಕಣೋ, ಎತ್ತು, ಭಾವನ ದನಿ ಕಬ್ಬಿಣದ ಒಳಗಿನಿಂದ ಡಬ್ಬಿಯಲ್ಲಿ ಬಂದ ಹಾಗೆ ಬರುತ್ತಿದೆ, ಹೂಂ ಭಾವ, ಇಳೀತಿದೆ, ಟೈರಿನ ಮೇಲೆ ಹಳದಿ ಬಣ್ಣ ಇದೆ, ಯಾವ ಹಳ್ಳಕ್ಕೆ ಹಳದಿ ಬಳಿದಿದ್ದಾರೆ, ಬೂಟುಗಳು ನೆಲ ಒದ್ದವು, ದೇಹ ಬೆರಳಷ್ಟೂ ಜಾರಲಿಲ್ಲ, ತೊಲೆ ಅಂಗಿಯ ಗುಂಡಿಯನ್ನು ಹಿಡಿದುಕೊಂಡಿದೆ, ತಮಾಷೆ ಸಾಕು, ತಮಾಷೆ ಅಲ್ಲ ಭಾವ, ಬ್ರೇಕು ಹಿಡೀಲಿಲ್ಲ ಕಣೋ, ಇಳಿಜಾರು, ಗಾಡಿ ತಾನೇ ಓಡ್ಬಿಡ್ತು, ಬ್ರೇಕು ಇವನು ಚಕ್ರ ಬಿಚ್ಚಿದಾಗಲೇ ನೋಡಿದ್ದಾನೆ, ಪ್ಯಾಡು ಹೊಸದು, ಎಣ್ಣೆ ತುಂಬಿದೆ, ಡಿಸ್ಕು ಕನ್ನಡಿಯ ಹಾಗಿದೆ, ತಾನಾಗಿ ಉರುಳಿದ ಗಾಡಿ ಮೆಟ್ಟಿಲಿಗೆ ತಾಗಿ ನಿಲ್ಲುತ್ತದೆ, ಉಕ್ಕಿನ ರಾಡು ಬಾಗಬೇಕಾದರೆ ಕಾಲು ಆಕ್ಸಿಲರೇಟರಿನ ಮೇಲಿರಬೇಕು, ಅದನ್ನು ಇವನು ವರದಿ ಓದುವವನಂತೆ ಒಂದೊಂದಾಗಿ ಹೇಳಿದ, ಹೇಳುತ್ತ ವಾಲ್ವನ್ನು ಇನ್ನೊಂದು ಎಳೆ ತಿರುಗಿಸಿದ, ಬುಸ್ಸ್, ಮುಚ್ಚಿದ, ಭಾವ ಕೂಗಲಿಲ್ಲ, ಕೂಗಲು ಎದೆ ಉಬ್ಬಬೇಕು, ಉಬ್ಬಿದರೆ ತೊಲೆ ತಾಗುತ್ತದೆ, ಸಣ್ಣ ಸಣ್ಣ ಉಸಿರಿನಲ್ಲಿ ಹೇಳಿದ, ಹೆದರಿಸೋಣ ಅಂತ, ಅಷ್ಟೇ, ಎದ್ದು ಓಡ್ತಾಳೆ ಅಂದ್ಕೊಂಡೆ, ಅವಳು ನನ್ನ ಮುಖಾನೇ ನೋಡ್ತಾ ಕೂತಿದ್ಲು, ಏಳಲೇ ಇಲ್ಲ, ಎಂಥಾ ಹೆಂಗಸು ಅವಳು — ಎಂದ, ಅದರಲ್ಲೂ ತಪ್ಪು ಅವಳದ್ದೇ, ಕೊನೆಯ ಉಸಿರಿನಲ್ಲೂ ಭಾವ ಬೆರಳು ತೋರಿಸಿಯೇ ಸಾಯುತ್ತಾನೆ, ಸಾಯಲಿ, ವಾಲ್ವು ಅರ್ಧ ಸುತ್ತು ಸಾಕು, ಪಕ್ಕೆಲುಬು ಒಣ ಕಟ್ಟಿಗೆಯ ಸದ್ದು ಮಾಡುತ್ತದಂತೆ, ಪಕ್ಕದ ಗ್ಯಾರೇಜಿನಲ್ಲಿ ಒಮ್ಮೆ ಆಗಿತ್ತು, ಕೇಳಿದವರು ಹೇಳಿದ್ದು, ಆಮೇಲೆ ಬಾಯಿಂದ ಬರುವುದು ರಕ್ತವಲ್ಲ, ನೊರೆ, ಗುಲಾಬಿ ಬಣ್ಣದ ನೊರೆ, ಬೆಳಗಿನ ಹಲ್ಲುಪುಡಿಯ ನೊರೆಯ ಹಾಗೇ ಗಲ್ಲದ ಮೇಲೆ, ನೊಣ, ಮೇಸ್ತ್ರಿ ಬಂದು ಬಗ್ಗಿ ನೋಡುವುದು, ನೋಡಲಿ, ಸೋಮಾರಿ ಮಲಗಿತು ಮೇಸ್ತ್ರಿ, ಅಷ್ಟು ಹೇಳಿದರೆ ಸಾಕು, ಊರೇ ನಂಬುತ್ತದೆ, ನಂಬದವಳು ಒಬ್ಬಳು, ಫೋನು ತೆಗೆದು ಅವಳಿಗೇ ಮಾಡಿದ.

ಏನೋ ಪುಟ್ಟ, ಎಂದಳು ಅಕ್ಕ, ಭಾವ ಗಾಡಿ ಕೆಳಗಿದ್ದಾನೆ ಕಣಕ್ಕಾ, ಜಾಕು ನನ್ನ ಕೈಲಿದೆ, ಮೆಟ್ಟಿಲಿನ ಬಣ್ಣ ಟೈರಿನ ಮೇಲಿದೆ, ಆ ಕಡೆ ಗಡಿಯಾರದ ಸದ್ದು, ಮಗು ಯಾವುದಕ್ಕೋ ಲೆಕ್ಕ ಹೇಳಿಕೊಳ್ಳುವ ಸದ್ದು, ಅಕ್ಕ ಅಳಲಿಲ್ಲ, ಅಯ್ಯೋ ಎನ್ನಲಿಲ್ಲ, ಉಸಿರಾಡ್ತಿದಾರಾ ಎಂದು ಕೇಳಿದಳು, ಹೂಂ, ಹೊರಗೆ ಬರೋಕಾಗಲ್ವಾ, ನಾನು ಎತ್ತೋವರೆಗೂ ಆಗಲ್ಲ, ಈಗ ಅವಳದ್ದು ಸಾಮಾನು ಎಲ್ಲಿದೆ ಎಂದು ಹುಡುಕುವವಳ ದನಿ, ಕೊಲ್ಬೇಡ, ಕೊಂದ್ರೆ ನೀನು ಜೈಲಲ್ಲಿ ನಾನು ಅವರ ಫೋಟೊ ಮುಂದೆ, ಸತ್ರೂ ಅವರ ಹೆಂಡತೀನೇ ನಾನು, ಎತ್ತಲೂ ಬೇಡ, ಎತ್ತಿದ್ರೆ ಈ ಸಂಜೆ ನಾನಿರಲ್ಲ, ಹಾಗೇ ಹಿಡ್ಕೊ, ಹಾಗೇ ಅಂದ್ರೆ ಹೇಗಕ್ಕಾ, ಈಗ ಹೇಗಿದೆಯೋ ಹಾಗೇ, ಯಾವಾಗ ಫೋನ್ ಮಾಡ್ತಾರೋ, ಯಾವಾಗ ಬಾಗಿಲು ತಟ್ತಾರೋ ಅಂತ ಒಂದು ದಿನಾನೂ ಹೊಸ್ತಿಲು ದಾಟೋಕಾಗಲಿಲ್ಲ ನನಗೆ, ಅವರು ಎಲ್ಲಿದಾರೆ ಅಂತ ಖಚಿತವಾಗಿ ಗೊತ್ತಿರೋದು ಇದೇ ಮೊದಲು, ಚಿಕ್ಕಮ್ಮ ಹೊಸದಾಗಿ ಹಿಡಿದಿರೋ ಮನೆ ಅವರಿಗೆ ಗೊತ್ತಿಲ್ಲ, ಮಗೂನ ಕರ್ಕೊಂಡು ಹೊರಡ್ತೀನಿ, ಆ ಕಾಲಲ್ಲಾ, ಕಾಲಿರೋದೇ ಹೋಗೋಕಲ್ವೇನೋ, ತಲುಪಿ ಫೋನ್ ಮಾಡ್ತೀನಿ, ಅಲ್ಲಿವರೆಗೂ ಕೈ ತೆಗೀಬೇಡ, ಎಂದವಳೇ ಫೋನಿಟ್ಟಳು, ಇಡುವ ಮುಂಚೆ ಮಗುವಿಗೆ ಹೇಳಿದ್ದು ಕೇಳಿಸಿತು, ಚಪ್ಪಲಿ ಹಾಕ್ಕೊ.

ಹಾಗೇ ಹಿಡ್ಕೊ, ಹೇಳುವುದು ಸುಲಭ, ಸೋಮಾರಿಗೆ ಹಾಗೇ ಇರುವುದು ಗೊತ್ತಿಲ್ಲ, ಅದು ಇಳಿಯುತ್ತಲೇ ಇರುತ್ತದೆ, ಹಿಡಿಯನ್ನು ಕಾಲು ಭಾಗ ಒತ್ತು, ನಿಲ್ಲಿಸು, ನೋಡು, ಇಳಿಯುತ್ತದೆ, ಮತ್ತೆ ಒತ್ತು, ಜಾಸ್ತಿ ಒತ್ತಿದರೆ ಭಾವ ಜಾರಿಕೊಂಡು ಹೊರಬರುತ್ತಾನೆ, ಕಡಿಮೆ ಒತ್ತಿದರೆ ಎದೆ, ಕೊಲ್ಲಬೇಕೆಂದು ಕುದಿಯುವ ಕೈಗೆ ಈಗ ಅವನನ್ನು ಬದುಕಿಸಿಡುವ ಕೆಲಸ, ಹಸುಗೂಸಿನ ತೊಟ್ಟಿಲು ತೂಗಿದ ಹಾಗೆ ತೂಗಬೇಕು, ಒಂದು ಒತ್ತು, ಇನ್ನೊಂದು ಒತ್ತು, ಭಾವನಿಗೆ ಈ ಕಡೆಯ ಮಾತೆಲ್ಲ ಕೇಳಿಸಿದೆ, ಎಲ್ಲಿಗೆ ಹೋಗ್ತಾಳೆ ಅವಳು, ಹೊರಗೆ ಬರ್ತೀನಿ ತಾಳು, ಇನ್ನೊಂದು ಕಾಲನ್ನೂ ಮುರಿದು ಎರಡನ್ನೂ ನಿಮ್ಮ ಮನೆ ಬಾಗಿಲಿಗೆ ತೋರಣ ಕಟ್ತೀನಿ, ಆಗ ಇವನ ಕೈ ತಾನಾಗಿ ನಿಂತಿತು, ಗಾಡಿ ಇಳಿಯಿತು, ತೊಲೆ ಮುಟ್ಟಿತು, ಮಾತು ನಡುವೆಯೇ ಕತ್ತರಿಸಿತು, ಅಂಗಿಯ ಗುಂಡಿಯೊಂದು ಚಟ್ಟೆಂದು ಒಡೆದು ನೆಲದ ಮೇಲೆ ಉರುಳಿಕೊಂಡು ಬಂತು, ಒತ್ತು, ಒತ್ತು ಎಂದು ಅಕ್ಕನ ದನಿಯಲ್ಲಿ ತಾನೇ ಹೇಳಿಕೊಂಡು ಒತ್ತಿದ, ಕೆಳಗೆ ಉಸಿರು ಗರಗಸದ ಹಾಗೆ ಎಳೆದುಕೊಂಡಿತು, ಆಮೇಲೆ ದನಿ ಬದಲಾಯಿತು, ನಿಮ್ಮಪ್ಪ ಹೋದಾಗ ಹೆಣಕ್ಕೆ ಹೆಗಲು ಕೊಟ್ಟವನು ನಾನು ಕಣೋ, ಕೊಟ್ಟಿದ್ದೀರಿ ಭಾವ, ಈ ಕೆಲಸಕ್ಕೆ ಸೇರಿಸಿದವನು ನಾನು, ಸೇರಿಸಿದ್ದೀರಿ ಭಾವ, ಹಾಗಾಗಿಯೇ ಟೈ ರಾಡು ಓದಲು ಬಂತು, ಈಗ ಅಕ್ಕ ಎಲ್ಲಿದ್ದಾಳು, ಮೆಟ್ಟಿಲ ಹತ್ತಿರ, ಕುಂಡೆಯ ಮೇಲೆ ಕೂತು ಒಂದೊಂದಾಗಿ ಇಳಿಯುತ್ತಿದ್ದಾಳೆ, ಹಳದಿ ಅಂಚು, ಮಗು ಮುಂದೆ, ಅಂಗಳ, ಗೇಟು, ಆಟೋದವನು ಪ್ಲಾಸ್ಟರು ನೋಡಿ ಏನಾಯ್ತಮ್ಮ ಎನ್ನುತ್ತಾನೆ, ಈ ಸಲ ಏನು ಹೇಳುತ್ತಾಳೆ, ಒತ್ತು, ಬೆವರು ಕಣ್ಣಿಗೆ ಇಳಿಯಿತು, ಹಿಡಿ ಜಾರುತ್ತದೆ, ಅಂಗಿಗೆ ಒರೆಸಿಕೊಳ್ಳುವಷ್ಟು ಹೊತ್ತೂ ಕೈ ತೆಗೆಯುವ ಹಾಗಿಲ್ಲ, ಶಟರಿನ ಹೊರಗೆ ಯಾರೋ ನಿಂತರು, ಮೇಸ್ತ್ರಿ ಇಲ್ವಾ, ಇಲ್ಲ, ಊಟಕ್ಕೆ, ಆ ಕಾಲುಗಳು ಹೋದವು, ಕೂಗಬಹುದಿತ್ತು ಭಾವ, ಕೂಗಲಿಲ್ಲ, ಕೂಗಿದರೆ ಉಬ್ಬುವ ಎದೆಯ ಲೆಕ್ಕ ಅವನಿಗೂ ಬಂದಿದೆ, ಅಕ್ಕನಿಗೆ ಮದುವೆಯಾದಂದಿನಿಂದ ಗೊತ್ತಿರುವ ಲೆಕ್ಕ, ಎಷ್ಟು ಉಸಿರಾಡಿದರೆ ಏಟು ಬೀಳುವುದಿಲ್ಲ ಎನ್ನುವುದು, ಒತ್ತು, ಒತ್ತು, ತೋಳು ಮರಗಟ್ಟಿ ಬೇರೆ ಯಾರದ್ದೋ ತೋಳಾಗಿದೆ, ಬಿಸಿಲು ಚಕ್ರವನ್ನು ದಾಟಿ ನೆಲದ ಗೆರೆಯವರೆಗೆ ಬಂದಿದೆ, ಫೋನು.

ಬಂದೆ ಪುಟ್ಟ, ಎಂದಳು, ಏದುಸಿರಿನಲ್ಲಿ ನಗುವಿನಂಥದ್ದೇನೋ ಇದೆ, ಬಾಗಿಲು ಹಾಕ್ಕೊಂಡಿದೀವಿ, ಚಿಕ್ಕಮ್ಮ ಬಾಗಿಲಿಗೆ ಮಂಚ ಎಳೆದು ಅದರ ಮೇಲೆ ಕೂತಿದ್ದಾರೆ, ಎತ್ತಿಬಿಟ್ಟು ನೀನೂ ಬಾ, ಎಂದಳು, ಹೂಂ ಎಂದ, ಫೋನು ಕಿಸೆಗೆ ಹೋಯಿತು, ಅವಳು ತಲುಪಿದಳು, ಮಗು ತಲುಪಿತು, ಇನ್ನು ಈ ಎದೆ ಉಬ್ಬುತ್ತಿರಬೇಕಾದ ಕಾರಣ ಯಾರ ಹತ್ತಿರವೂ ಉಳಿದಿಲ್ಲ, ಎತ್ತಿದರೆ ಹೊರಗೆ ಬರುತ್ತಾನೆ, ಅಂಗಿ ಕೊಡವಿಕೊಳ್ಳುತ್ತಾನೆ, ಹುಡುಕುತ್ತಾನೆ, ಮನೆ ಎಂದ ಮೇಲೆ ಒಂದು ದಿನ ಸಿಗುತ್ತದೆ, ಮಂಚ ಎಷ್ಟು ದಿನ ಬಾಗಿಲಿಗೆ ಅಡ್ಡ ಇರುತ್ತದೆ, ಇಳಿಸುವುದೂ ಬೇಡ, ವಾಲ್ವು ಮುಟ್ಟುವುದೂ ಬೇಡ, ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ಇವನಿಗೆ ಹೊಸದೇನಲ್ಲ, ನೀನೂ ಬಾ, ಹೋಗಬೇಕು, ಹೋಗಬೇಕಾದರೆ ಕೈ ಕೆಳಗೆ ಹೋಗಬೇಕು, ನಾಲ್ಕು ಪೂರ್ತಿ ಒತ್ತು, ಅಷ್ಟೇ, ಕೈ ಹಿಡಿಯ ಮೇಲೇ ಇದೆ, ಎತ್ತೋ, ಎಂದಿತು ಕೆಳಗಿನಿಂದ ಒಂದು ದನಿ, ಮಗುವಿನ ದನಿಯಷ್ಟು ಸಣ್ಣದು, ಗಾಡಿ ಇಳಿಯುತ್ತಿದೆ, ಒಂದು ಕೂದಲೆಳೆ, ಇನ್ನೊಂದು ಎಳೆ, ಒತ್ತು ಎಂದ ಕೈಗೆ, ಕೈ ಕೇಳುತ್ತಿದೆ, ಅಲುಗುತ್ತಿಲ್ಲ, ಕಣ್ಣು ಅಲ್ಲಿಂದ ಕೀಳಲು ಬರುತ್ತಿಲ್ಲ, ಆ ಪಾದಗಳು, ಒಂದು ಸೂರಿಗೆ, ಒಂದು ಗೋಡೆಗೆ, ಗೋಡೆಗೆ ತಿರುಗಿದ್ದು ಸ್ವಲ್ಪ ನಡುಗುತ್ತದೆ, ನಿಲ್ಲುತ್ತದೆ, ಒಂದು ಸೂರಿಗೆ, ಒಂದು ಗೋಡೆಗೆ —